ಬಿಸಿ ತಾಗದ ಕೈಯಲ್ಲಿ ಎಣ್ಣೆ

ನನ್ನ ಕೈಗೆ ಬಿಸಿ ತಾಗುತ್ತಿರಲಿಲ್ಲ. ಜಂಬಕ್ಕೆ ಹೇಳುವ ಮಾತಲ್ಲ ಇದು. ಚೆನ್ನೈಯ ಎಗ್ಮೋರ್ ಸ್ಟೇಷನ್ನಿನ ಹತ್ತಿರದ ಸಸ್ಯಾಹಾರಿ ಹೋಟೆಲಿನಲ್ಲಿ ಮೀಸೆ ಚಿಗುರುವ ವಯಸ್ಸಿನಿಂದ ದೋಸೆ ಕಾವಲಿಯ ಮುಂದೆ ನಿಂತವನ ಕೈ ಇನ್ನು ಹೇಗಿದ್ದೀತು? ಇಡ್ಲಿ ತಟ್ಟೆಯನ್ನು ಬಟ್ಟೆಯಿಲ್ಲದೆ ಎತ್ತುತ್ತಿದ್ದೆ. ದೋಸೆಯ ಅಂಚನ್ನು ಬೆರಳಲ್ಲೇ ಬಿಡಿಸುತ್ತಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಬಾಯಿ ಬಿಟ್ಟುಕೊಂಡು ನೋಡುವಾಗ ಒಳಗೊಳಗೇ ಖುಷಿಯಾಗುತ್ತಿತ್ತು, ಅದನ್ನೇಕೆ ಮುಚ್ಚಿಡಲಿ. ಅಂಗೈ ಹಳೇ ಚಪ್ಪಲಿಯ ಅಟ್ಟೆಯಂತೆ ದಪ್ಪವಾಗಿತ್ತು. ಆ ಕೈ ನನಗೆ ಅನ್ನ ಕೊಟ್ಟಿತು, ಮಗಳನ್ನು ಓದಿಸಿತು, ಅವಳ ಮದುವೆ ಮಾಡಿಸಿತು. ಅದೇ ಕೈ ಒಂದು ದಿನ ನನ್ನ ದಾರಿಗೆ ಅಡ್ಡ ನಿಲ್ಲುತ್ತದೆ ಎಂದು ನಾನು ಎಣಿಸಿರಲಿಲ್ಲ.

ಮಗಳಿಗೆ ತಿಂಗಳು ತುಂಬುತ್ತಾ ಬಂದು ಅವಳು ಮಾಂಬಲಂನ ನನ್ನ ಮನೆಗೆ ಬಂದಿದ್ದಾಗ ಕ್ರೋಂಪೇಟೆಯಿಂದ ಬೀಗಿತ್ತಿಯ ಫೋನ್ ಬಂತು. ಅವರೂ ನಮ್ಮ ಕಡೆಯವರೇ, ಕರಾವಳಿಯಿಂದ ಬಂದು ಹೋಟೆಲು ಇಟ್ಟವರು. ಮಾತು ನೇರ, ಮನಸ್ಸು ಒಳ್ಳೆಯದು. ಆದರೆ ಎಲ್ಲವೂ ತಮ್ಮ ಕಣ್ಣೆದುರೇ ಆಗಬೇಕೆಂಬ ಹಟ.

“ಬೀಗರೇ, ಬೇಜಾರು ಮಾಡ್ಬೇಡಿ. ಬಾಣಂತನ ನಮ್ಮಲ್ಲೇ ಆಗ್ಲಿ. ನಿಮ್ಮ ಮನೆಯಲ್ಲಿ ಹೆಂಗಸ್ರು ಅಂತ ಯಾರುಂಟು? ಮಗುವಿಗೆ ಎಣ್ಣೆ ಹಚ್ಚಿ ಮೀಯಿಸ್ಲಿಕ್ಕೆ ಎಂತ ಮಾಡ್ತೀರಿ?”

“ನಾನು ಮೀಯಿಸ್ತೇನೆ,” ಅಂದೆ. ಯೋಚಿಸಿ ಹೇಳಿದ್ದಲ್ಲ. ಬಾಯಿಂದ ಬಂದುಬಿಟ್ಟಿತು.

“ನೀವಾ?” ಎಂದರು ಬೀಗಿತ್ತಿ. ಆ ಒಂದು ‘ನೀವಾ’ ನನ್ನನ್ನು ಕೆಣಕಿದಷ್ಟು ಯಾವ ಬೈಗುಳವೂ ಕೆಣಕಿಲ್ಲ.

ನನ್ನ ಹೆಂಡತಿ ತೀರಿಕೊಂಡಾಗ ಮಗಳು ಹೈಸ್ಕೂಲಿನಲ್ಲಿದ್ದಳು. ಅವಳ ಮದುವೆಯ ಮಂಟಪದಲ್ಲಿ, ನಾನು ಬಡಿಸುವವರ ಹಿಂದೆ ಓಡಾಡುತ್ತಿದ್ದಾಗ, ನೆಂಟರೊಬ್ಬರು ಎಲೆಯ ಮುಂದೆ ಕೂತು ಹೇಳಿದ್ದು ಕಿವಿಗೆ ಬಿತ್ತು: “ಪಾಪ, ತಾಯಿ ಇಲ್ಲದ ಹುಡುಗಿ. ಇನ್ನು ತವರು ಅಂತ ಏನಿದೆ ಅವಳಿಗೆ?” ನಾನು ಅಲ್ಲೇ ಇದ್ದೆನಲ್ಲ, ಜೀವಂತವಾಗಿ, ಕೈಯಲ್ಲಿ ಪಾಯಸದ ಬಕೆಟ್ ಹಿಡಿದುಕೊಂಡು! ಅವತ್ತಿನಿಂದ ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಮಗಳೂ ಆ ಪದವನ್ನು ಬಳಸುತ್ತಿರಲಿಲ್ಲ. ಗೆಳತಿಯರ ಜೊತೆ ಮಾತಾಡುವಾಗ ‘ಮಾಂಬಲಂ ಮನೆ’ ಎನ್ನುತ್ತಿದ್ದಳು, ‘ಅಪ್ಪನ ಮನೆ’ ಎನ್ನುತ್ತಿದ್ದಳು. ತವರು ಎಂದು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ. ಚೊಚ್ಚಲ ಹೆರಿಗೆಯ ಬಾಣಂತನ ತವರಿನದ್ದು. ಅದೂ ಕ್ರೋಂಪೇಟೆಗೆ ಹೋದರೆ ಆ ನೆಂಟರು ಹೇಳಿದ್ದೇ ನಿಜವಾಗುತ್ತಿತ್ತು.

ಅಡುಗೆಯ ಚಿಂತೆ ಇರಲಿಲ್ಲ. ಬಾಣಂತಿಯ ಕಾಳುಮೆಣಸಿನ ಸಾರು, ಮೆಂತೆ ಗಂಜಿ, ಬೆಳ್ಳುಳ್ಳಿ ಚಟ್ನಿ ಇವನ್ನೆಲ್ಲ ಕಣ್ಣು ಮುಚ್ಚಿ ಮಾಡಬಲ್ಲೆ. ಮಗುವಿಗೆ ಎರೆಯಲು ಮನೆಮನೆಗೆ ಬರುವ ಹೆಂಗಸರು ವೆಸ್ಟ್ ಮಾಂಬಲಂನಲ್ಲಿ ಬೇಕಾದಷ್ಟು ಸಿಗುತ್ತಾರೆ. ಹೋಟೆಲಿನವರೆಲ್ಲ ಅದನ್ನೇ ಹೇಳಿದರು. ಆದರೆ ಸಂಬಳಕ್ಕೆ ಬರುವವಳು ಕ್ರೋಂಪೇಟೆಗೂ ಬರುತ್ತಾಳೆ. ಹಾಗಾದರೆ ನನ್ನ ಮನೆಯಲ್ಲಿ ಏನು ವಿಶೇಷ?

ಮಗಳು ಮೊದಲು ನಕ್ಕಳು. “ಅಪ್ಪಾ, ಸೀರಿಯಸ್ಸಾಗಿ ಹೇಳ್ತಿದ್ದೀರಾ? ಯಾಕೆ ಸುಮ್ನೆ ಟೆನ್ಷನ್? ಅತ್ತೆ ಮನೆಗೇ ಹೋಗ್ತೇನೆ, ಪರವಾಯಿಲ್ಲೆ.” ಹಾಗೆಂದವಳು ಮಾರನೆಯ ಬೆಳಿಗ್ಗೆ ಅಟ್ಟದ ಡಬ್ಬಿಯಿಂದ ಅವಳಮ್ಮನ ಕಂಚಿನ ಎಣ್ಣೆ ಬಟ್ಟಲನ್ನು ತೆಗೆದು, ಹುಣಸೆಹಣ್ಣು ಹಾಕಿ ತಿಕ್ಕಿ, ಬಾಲ್ಕನಿಯ ಬಿಸಿಲಿಗೆ ಬೋರಲು ಹಾಕಿದ್ದಳು. ಅವಳನ್ನು ಎಣ್ಣೆ ಹಚ್ಚಿ ಬೆಳೆಸಿದ ಬಟ್ಟಲು ಅದು. ಬಟ್ಟಲು ನೋಡಿದ ಮೇಲೆ ನನ್ನನ್ನು ಹಿಂದೆ ಎಳೆಯುವವರು ಯಾರೂ ಇರಲಿಲ್ಲ.

ಬೀಗಿತ್ತಿ ಒಂದು ಷರತ್ತು ಹಾಕಿದರು. “ನಾಮಕರಣ ನಲ್ವತ್ತನೇ ದಿನಕ್ಕೆ ಇಟ್ಕೊಳ್ಳುವ, ಅಲ್ಲಿವರೆಗೆ ನೋಡುವ. ಮಗುವಿಗೆ ಸರಿ ಆಗದಿದ್ರೆ ಅವತ್ತೇ ತಾಯಿ ಮಗು ಇಬ್ಬರನ್ನೂ ಕರ್ಕೊಂಡು ಹೋಗ್ತೇನೆ, ಆಯ್ತಾ?” ಆಯ್ತು ಅಂದೆ.

ಕಲಿಯುವುದು ಎಲ್ಲಿಂದ? ಫೋನಿನಲ್ಲಿ ವಿಡಿಯೋಗಳಿದ್ದವು. ಒಂದರಲ್ಲಿ ಒಬ್ಬಾಕೆ ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು ಒಗೆಯುವ ಬಟ್ಟೆಯಂತೆ ತಿರುಚುತ್ತಿದ್ದಳು. ಇನ್ನೊಂದರಲ್ಲಿ ಒಬ್ಬ ಗೊಂಬೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಸವರುತ್ತಿದ್ದ. ಇವೆರಡರ ನಡುವೆ ಎಲ್ಲೋ ಸರಿಯಾದ ಒತ್ತಡ ಇರಬೇಕು. ನನಗೆ ಗೊತ್ತಿರುವುದು ಹಿಟ್ಟು. ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಮೈದಾ ಕಲಸಿ, ಮೆತ್ತಗೆ ನಾದಿ, ಒಂದು ಮಗು ಮಾಡಿದೆ. ತಲೆ, ಹೊಟ್ಟೆ, ಗುಂಡಗಿನ ಕಾಲು. ಎಣ್ಣೆ ಹಚ್ಚಿ ತೊಡೆಯಿಂದ ಪಾದದವರೆಗೆ ಕೈ ಎಳೆದೆ. ಬೆರಳಿನ ಗುರುತು ಆಳವಾಗಿ ಕೂತಿತು. ಮತ್ತೆ ನಾದಿದೆ, ಮತ್ತೆ ಎಳೆದೆ. ಕೈ ಹಿಟ್ಟಿನ ಮೇಲೆ ಪೂರ್ತಿ ಕೂತಿರಬೇಕು, ಆದರೆ ಎತ್ತಿದಾಗ ಗುರುತು ಉಳಿಯಬಾರದು. ಅದು ನಾನೇ ಕಂಡುಕೊಂಡ ಅಳತೆ.

ಸಾಂಬಾರಿನ ಒಲೆಯವನು ಬಂದು ನೋಡಿ, “ಎಂತ ಮಾರಾಯ್ರೇ, ಇವತ್ತು ಪೂರಿಗೆ ಕೈಕಾಲು ಬಂದಿದೆಯಲ್ಲ!” ಎಂದ. ಅಡುಗೆಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಗಲಿ ಎಂದು ಬಿಟ್ಟೆ. ಮೈದಾ ಮಗು ದಿನಾ ಮಧ್ಯಾಹ್ನ ಹುಟ್ಟಿ, ಸಂಜೆ ಪೂರಿಯಾಗುತ್ತಿತ್ತು. ಗಿರಾಕಿಗಳು ಪೂರಿ ಮೆತ್ತಗಿದೆ ಎಂದು ಹೊಗಳಿದರು.

ಮಗಳಿಗೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಹೊರಡುವ ಮುಂಚೆ ಮಕ್ಕಳ ಡಾಕ್ಟರಮ್ಮನನ್ನು ತಡೆದು ಕೇಳಿದೆ. ಆಕೆಗೆ ಸಾವಿರ ಕೆಲಸ, ಆದರೂ ಒಬ್ಬ ಅಜ್ಜ ಇದನ್ನು ಕೇಳುತ್ತಿರುವುದು ವಿಚಿತ್ರ ಅನಿಸಿತೋ ಏನೋ, ನಿಂತು ಹೇಳಿದರು. ಹೊಕ್ಕುಳ ಬಳ್ಳಿ ಒಣಗಿ ಬೀಳಲಿ, ಆಮೇಲೆ ಶುರು ಮಾಡಿ. ಶುದ್ಧ ಕೊಬ್ಬರಿ ಎಣ್ಣೆ ಸಾಕು. ಮೊದಲು ಸ್ವಲ್ಪವೇ ಹಚ್ಚಿ ಚರ್ಮ ಕೆಂಪಾಗುತ್ತದೆಯೇ ನೋಡಿ. ಹಾಲು ಕುಡಿದ ಕೂಡಲೇ ಬೇಡ, ಹಸಿದಿರುವಾಗಲೂ ಬೇಡ. ಮೂಗು, ಕಿವಿ, ಕಣ್ಣಿಗೆ ಎಣ್ಣೆ ಬಿಡಲೇಬೇಡಿ. ನೆತ್ತಿಯನ್ನು ಒತ್ತಬೇಡಿ, ಕೈಕಾಲು ಜಗ್ಗಬೇಡಿ. ಮಗು ಮುಖ ತಿರುಗಿಸಿದರೆ, ಅತ್ತರೆ, ನಿಲ್ಲಿಸಿ.

“ಪ್ರಯೋಜನ ಏನು ಡಾಕ್ಟರ್?” ಎಂದು ಕೇಳಿದೆ. ಬೀಗಿತ್ತಿಗೆ ಹೇಳಲು ಬೇಕಿತ್ತು. ಮಗುವಿಗೆ ಮೈ ಹಗುರ ಅನಿಸುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ, ಹೊಟ್ಟೆಯ ಗಾಳಿ ಹೋಗಲು ಸಹಾಯವಾಗುತ್ತದೆ ಎಂದರು. ಬಣ್ಣ ಬೆಳ್ಳಗಾಗುತ್ತದೆ, ಮೂಗು ಉದ್ದವಾಗುತ್ತದೆ ಎಂಬುದೆಲ್ಲ ಸುಳ್ಳಂತೆ. ಹೊರಡುವಾಗ ತಿರುಗಿ, ಎಲ್ಲಕ್ಕಿಂತ ಮುಖ್ಯ, ಮಗುವಿಗೆ ನಿಮ್ಮ ಕೈಯ ಗುರುತು ಸಿಗುತ್ತದೆ ಎಂದರು. ನನಗೆ ಬೇಕಾಗಿದ್ದ ಮಾತು ಅದೇ.

ಬಳ್ಳಿ ಬಿದ್ದು ಹೊಕ್ಕುಳ ಒಣಗಿದ ಮೇಲೆ ಒಂದು ಬೆಳಿಗ್ಗೆ ಎಲ್ಲ ಸಜ್ಜು ಮಾಡಿದೆ. ಫ್ಯಾನ್ ಆರಿಸಿದೆ. ರೈಲು ಹಳಿಯ ಕಡೆಯ ಕಿಟಕಿ ಮುಚ್ಚಿದೆ. ಹಳೇ ಹತ್ತಿ ಸೀರೆಯನ್ನು ಮಡಚಿ ಹಾಸಿ, ಕಂಚಿನ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಎಣ್ಣೆ ಬೆಚ್ಚಗೆ ಮಾಡಿದೆ. ಉಗುರು ಕತ್ತರಿಸಿದ್ದೆ, ಉಂಗುರ ತೆಗೆದಿಟ್ಟಿದ್ದೆ. ಬೆರಳು ಅದ್ದಿ ನೋಡಿದೆ, ಹದವಾಗಿತ್ತು. ಅಂಗೈಗೆ ಹಾಕಿಕೊಂಡು ಮಗುವಿನ ಕಾಲಿಗೆ ಕೈ ಚಾಚಿದೆ.

ಮಂಚದ ಮೇಲೆ ಕೂತಿದ್ದ ಮಗಳು ಯಾಕೋ ಬಗ್ಗಿ ಬಟ್ಟಲಿಗೆ ಬೆರಳು ಅದ್ದಿದಳು. ಸರಕ್ಕನೆ ಹಿಂದಕ್ಕೆ ಎಳೆದುಕೊಂಡು, “ಅಪ್ಪಾ, ಸೂಡು! ರೊಂಬ ಸೂಡು!” ಎಂದು ಕಿರುಚಿದಳು. ಅವಳಿಗೆ ಗಾಬರಿಯಾದರೆ ಬರುವುದು ತಮಿಳೇ. ಅವಳ ಬೆರಳ ತುದಿ ಕೆಂಪಾಗಿತ್ತು.

ನನಗೆ ಅದು ಬೆಚ್ಚಗೆ. ಅವಳಿಗೆ ಸುಡುವಷ್ಟು. ಮಗುವಿಗೆ ಏನಾಗುತ್ತಿತ್ತೋ! ಕೈ ಒರೆಸಿಕೊಂಡು, ಎಣ್ಣೆ ಪೂರ್ತಿ ಆರಿದ ಮೇಲೆ ಮತ್ತೆ ಹಚ್ಚಲು ಹೋದೆ. ಈ ಸಲ ಮಗು ಕಾಲನ್ನು ಮುದುಡಿಕೊಂಡು ಅತ್ತಿತು. ಒತ್ತಡ ಸರಿಯಾಗಿಯೇ ಇತ್ತು, ಆದರೆ ಅಂಗೈ ತರಿತರಿಯಾಗಿತ್ತು. ಮೈದಾ ಮಗು ಅಳುವುದಿಲ್ಲವಲ್ಲ, ಹಾಗಾಗಿ ಅಷ್ಟು ದಿನ ಅದು ನನಗೆ ತಿಳಿದಿರಲಿಲ್ಲ.

ಮಗಳು ಮಗುವನ್ನು ಎದೆಗೆ ಒತ್ತಿಕೊಂಡು ಸಮಾಧಾನ ಮಾಡಿದಳು. “ಅತ್ತೆಗೆ ಹೇಳ್ಲಾ ಅಪ್ಪಾ?” ಎಂದಳು. ಸಿಟ್ಟಿನಿಂದಲ್ಲ, ನನ್ನ ಮೇಲಿನ ಕನಿಕರದಿಂದ. ಸಿಟ್ಟಾದರೂ ತಡೆದುಕೊಳ್ಳಬಹುದಿತ್ತು.

“ಹೇಳಬೇಡ. ಕೈ ತಾನೇ? ಬದಲಾಯಿಸ್ತೇನೆ.”

“ಕೈ ಹೇಗಪ್ಪಾ ಬದಲಾಯಿಸ್ತೀರಿ?”

ಅವತ್ತೇ ಹೋಟೆಲಿಗೆ ಫೋನ್ ಮಾಡಿ ರಜೆಯನ್ನು ಮುಂದುವರಿಸಿದೆ. ಮನೆಯಲ್ಲಿ ಒಲೆಯ ಕೆಲಸಕ್ಕೆಲ್ಲ ಇಕ್ಕಳ, ಬಟ್ಟೆ. ಬಿಸಿ ಪಾತ್ರೆಗೆ ಬರಿಗೈ ಹಚ್ಚುವುದಿಲ್ಲ ಎಂದು ಶಪಥ ಮಾಡಿದೆ. ಬೆಳಿಗ್ಗೆ ಸಂಜೆ ಅಂಗೈಯನ್ನು ಉಗುರುಬೆಚ್ಚಗಿನ ಗಂಜಿನೀರಿನಲ್ಲಿ ನೆನೆಸಿ, ಕಲ್ಲಿನಲ್ಲಿ ಮೆಲ್ಲಗೆ ತಿಕ್ಕಿ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂರುತ್ತಿದ್ದೆ. ಬಿಸಿ ನೋಡುವುದಕ್ಕೆ ಮುಂಗೈಯ ಒಳಭಾಗ, ಕಾವಲಿಯ ಕಾವು ಮುಟ್ಟದ ಜಾಗ. ನಾನು ಅಲ್ಲಿ ಒಂದು ಹನಿ ಬಿಟ್ಟು ನೋಡಿದ ಮೇಲೆ ಮಗಳೂ ಅವಳ ಮುಂಗೈಯಲ್ಲಿ ನೋಡಬೇಕು. ಇಬ್ಬರೂ ‘ಹೂಂ’ ಅಂದರೆ ಮಾತ್ರ ಎಣ್ಣೆ ಮಗುವಿಗೆ.

ಆದರೆ ಕೈ ಮೆತ್ತಗಾಗುವವರೆಗೆ ಮಗು ಕಾಯಬೇಕೇ? ಮಗಳೇ ಒಂದು ದಾರಿ ಹುಡುಕಿದಳು. ಅವಳು ಚಾಪೆಯ ಮೇಲೆ ಗೋಡೆಗೆ ಒರಗಿ ಕೂತು ಮಗುವಿನ ಮೇಲೆ ಕೈ ಇಟ್ಟಳು. ಅವಳ ಕೈಯ ಮೇಲೆ ನನ್ನ ಕೈ. ಮಗುವಿಗೆ ತಾಗುವುದು ತಾಯಿಯ ಅಂಗೈ, ಅದನ್ನು ನಡೆಸುವುದು ನನ್ನದು. ಕಾಲಿನಿಂದ ಶುರು, ಏಕೆಂದರೆ ಕಾಲು ಕೊಡಲು ಮಗು ಹೆದರುವುದಿಲ್ಲ. ತೊಡೆಯಿಂದ ಪಾದಕ್ಕೆ ಉದ್ದಕ್ಕೆ ಎಳೆದು, ಅಂಗಾಲನ್ನು ಹೆಬ್ಬೆರಳಿನಲ್ಲಿ ಸವರಿ, ಬೆರಳುಗಳನ್ನು ಒಂದೊಂದಾಗಿ ಹಿಡಿದು ಬಿಡುವುದು. ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮೆಲ್ಲಗೆ ಸುತ್ತು. ಎದೆಯ ನಡುವಿನಿಂದ ಎರಡೂ ಭುಜದ ಕಡೆಗೆ, ಆಮೇಲೆ ತೋಳು, ಮುಷ್ಟಿ. ಮುಷ್ಟಿ ಬಿಡಿಸಲು ಬಲವಂತ ಮಾಡುವಂತಿಲ್ಲ. ಕೊನೆಗೆ ಬೋರಲು ಮಲಗಿಸಿ ಬೆನ್ನು.

ಒಂದು ನಿಯಮವನ್ನು ಮಾಂಬಲಂ ಮನೆ ಕಲಿಸಿತು. ಕಿಟಕಿ ಮುಚ್ಚಿದರೂ ಎಲೆಕ್ಟ್ರಿಕ್ ಟ್ರೈನ್ ಹೋಗುವಾಗ ಗೋಡೆ ನಡುಗುತ್ತದೆ, ಮಗು ಬೆಚ್ಚಿ ಎರಡೂ ಕೈ ಅಗಲಿಸುತ್ತದೆ. ಆಗ ಕೈ ಎತ್ತಬಾರದು. ಎದೆಯ ಮೇಲೆ ಹಾಗೇ ಇಟ್ಟು, ರೈಲು ದಾಟುವವರೆಗೆ ಕಾಯಬೇಕು. ಮಗು ಕಣ್ಣು ದೊಡ್ಡದು ಮಾಡಿ ನಮ್ಮ ಮುಖ ನೋಡುತ್ತದೆ; ನಾವು ಹೆದರಿಲ್ಲ ಎಂದು ಗೊತ್ತಾದರೆ ತಾನೂ ಹೆದರುವುದಿಲ್ಲ.

ಚೆನ್ನೈಯ ಸೆಕೆಯಲ್ಲಿ ಫ್ಯಾನ್ ಇಲ್ಲದೆ ನಾವಿಬ್ಬರೂ ಬೆವರಿನಲ್ಲಿ ಮೀಯುತ್ತಿದ್ದೆವು. ಹೊತ್ತೇರಿದರೆ ತಾರಸಿಯ ಟ್ಯಾಂಕಿನ ನೀರು ತಾನೇ ಕಾಯುತ್ತದೆ, ಹಾಗಾಗಿ ಮಗುವಿನ ಸ್ನಾನ ಬೇಗ ಮುಗಿಯಬೇಕು. ದಿನ ಹೋದಂತೆ ಮಗಳ ಕೈ ಸ್ವಲ್ಪ ಸ್ವಲ್ಪವೇ ಸರಿಯಿತು. ಮೊದಲು ಅವಳ ಬೆರಳು ಮಾತ್ರ ಕೆಳಗಿದ್ದವು, ಆಮೇಲೆ ಅವೂ ಇಲ್ಲ. ಒಂದು ದಿನ ನನ್ನ ಬರೀ ಅಂಗೈ ಮಗುವಿನ ಬೆನ್ನ ಮೇಲಿತ್ತು. ಮಗು ಅಳಲಿಲ್ಲ. ಅತ್ತವನು ನಾನು. ಬೆವರು ಎಂದು ಮಗಳಿಗೆ ಹೇಳಿದೆ, ಅವಳು ನಂಬಿದ ಹಾಗೆ ನಟಿಸಿದಳು.

ಅದೇ ವಾರ ಅಕ್ಕಿ ರುಬ್ಬುವ ವಿಷಯಕ್ಕೆ ಏನೋ ತಗಾದೆ ಬಂದು ಹೋಟೆಲಿಗೆ ಹೋಗಬೇಕಾಯಿತು. ಮಾತಾಡುತ್ತಾ ಹಳೇ ಅಭ್ಯಾಸದಲ್ಲಿ ಇಡ್ಲಿ ತಟ್ಟೆ ಎತ್ತಿದೆ. ಅಯ್ಯಯ್ಯೋ ಎಂದು ಕಿರುಚಿ ತಟ್ಟೆ ಬಿಟ್ಟೆ. ಇಡ್ಲಿಗಳು ನೆಲದ ಮೇಲೆ ಉರುಳಿದವು. ಸಾಂಬಾರಿನ ಒಲೆಯವನು ತಿರುಗಿ ನೋಡಿ, “ಮುಗೀತು ಇವರ ಕಥೆ! ಇನ್ನು ಕಾವಲಿ ಎದುರು ಎಂತ ಮಾಡ್ತೀರಿ?” ಎಂದ.

“ಬಟ್ಟೆ ಹಿಡಿದು ಎತ್ತುತ್ತೇನೆ. ಲೋಕದಲ್ಲಿ ಎಲ್ಲರೂ ಹಾಗೇ ಎತ್ತುವುದು,” ಅಂದೆ. ಬೆರಳು ಉರಿಯುತ್ತಿತ್ತು. ರೈಲಿನಲ್ಲಿ ಮನೆಗೆ ಬರುವಾಗ ಅದನ್ನು ಊದಿಕೊಳ್ಳುತ್ತಾ ನಗುತ್ತಿದ್ದೆ. ಎದುರು ಕೂತವರು ನನ್ನನ್ನು ಏನೆಂದುಕೊಂಡರೋ.

ನಾಮಕರಣದ ದಿನ ಬೀಗಿತ್ತಿ ಎಲ್ಲರಿಗಿಂತ ಮೊದಲೇ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಇವತ್ತು ನಾನು ಮೀಯಿಸ್ತೇನೆ, ನೀವು ಕೂತ್ಕೊಳ್ಳಿ,” ಎಂದರು.

“ಇವತ್ತೂ ನಾನೇ. ನೀವು ಕೂತು ನೋಡಿ,” ಅಂದೆ. ಕುರ್ಚಿ ಹಾಕಿಕೊಟ್ಟೆ. ಕೂತರು, ಆದರೆ ಪರೀಕ್ಷೆಗೆ ಬಂದ ಮೇಷ್ಟ್ರ ಹಾಗೆ.

ಅವತ್ತೇ ಮಗುವಿಗೆ ಏನಾಯಿತೋ! ಕಾಲಿಗೆ ಕೈ ಇಟ್ಟ ಕೂಡಲೇ ಮುಖ ಕೆಂಪು ಮಾಡಿಕೊಂಡು ಅಳತೊಡಗಿತು. “ಗಟ್ಟಿ ಒತ್ತಿ ಬೀಗರೇ, ಹೂವು ಸವರಿದ ಹಾಗೆ ಸವರಿದ್ರೆ ಮೈ ಗಟ್ಟಿಯಾಗ್ತದಾ? ಮೂಗಿಗೆ ಎರಡು ಹನಿ ಬಿಡಿ, ಸರಿಯಾಗ್ತದೆ,” ಎಂದು ಬೀಗಿತ್ತಿ ಕುರ್ಚಿಯಿಂದ ಅರ್ಧ ಎದ್ದರು. ಮಗಳು ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು.

“ಮೂಗಿಗೆ ಬೇಡ,” ಅಂದೆ. ಧ್ವನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿಯೇ ಬಂತು. ಆಮೇಲೆ ಕೈ ತೆಗೆದೆ. ಮಗು ಬೇಡ ಅಂದರೆ ನಿಲ್ಲಿಸಬೇಕು, ನೋಡುವವರು ಯಾರೇ ಇರಲಿ. ಬೀಗಿತ್ತಿಯ ಕಣ್ಣೆದುರು ನಿಲ್ಲಿಸಿದರೆ ಸೋತಂತೆ ಎಂದು ನನಗೆ ಗೊತ್ತಿತ್ತು. ಮುಂದುವರಿಸಿದರೆ ಮಗುವಿನ ಹತ್ತಿರ ಸೋಲಬೇಕಿತ್ತು, ಅದು ನನ್ನಿಂದ ಆಗದ ಮಾತು. ಮಗುವಿಗೆ ಹತ್ತಿ ಸೀರೆ ಹೊದಿಸಿ, ಎತ್ತಿಕೊಂಡು ಭುಜಕ್ಕೆ ಹಾಕಿಕೊಂಡು ಕೋಣೆಯಲ್ಲಿ ಅತ್ತಿಂದಿತ್ತ ನಡೆದೆ.

“ಹಾಗಾದ್ರೆ ಆಗುದಿಲ್ಲ ಅಲ್ವಾ?” ಎಂದರು ಬೀಗಿತ್ತಿ. ಅವರ ಧ್ವನಿಯಲ್ಲಿ ಗೆಲುವಿರಲಿಲ್ಲ, ಬೇಸರವಿತ್ತು. ನಾನು ನಡೆಯುತ್ತಲೇ ಇದ್ದೆ.

ಒಂದು ರೈಲು ಬಂತು. ಗೋಡೆ ನಡುಗಿತು. ನಾನು ನಿಂತು ಮಗುವಿನ ಬೆನ್ನ ಮೇಲೆ ಅಂಗೈ ಇಟ್ಟೆ, ದಿನಾ ಇಡುವ ಹಾಗೆ. ರೈಲು ದಾಟುವ ಹೊತ್ತಿಗೆ ಅಳು ನಿಂತಿತ್ತು. ಮತ್ತೆ ಮಲಗಿಸಿದಾಗ ಮಗು ಕಾಲು ಚಾಚಿ ಕೊಟ್ಟಿತು. ಮೊಣಕಾಲುಗಳನ್ನು ಮಡಚಿ ಮೆಲ್ಲಗೆ ಹೊಟ್ಟೆಗೆ ತಂದು ಬಿಟ್ಟೆ, ಹೊಟ್ಟೆಯ ಮೇಲೆ ಕೈ ಸುತ್ತಿಸಿದೆ, ಮತ್ತೆ ಮೊಣಕಾಲು. ಅಷ್ಟರಲ್ಲಿ ಅಷ್ಟು ಪುಟ್ಟ ಮೈಯಿಂದ ಅಷ್ಟು ದೊಡ್ಡ ಸದ್ದು ಬಂತು. ಬೆಳಗಿನಿಂದ ಹೊಟ್ಟೆಯಲ್ಲಿ ಕೂತಿದ್ದ ಗಾಳಿ! ಬೀಗಿತ್ತಿ ಬಾಯಿಗೆ ಸೆರಗು ಒತ್ತಿಕೊಂಡು ನಗಲು ಶುರು ಮಾಡಿದವರು ಕುರ್ಚಿಯನ್ನೇ ಅಲ್ಲಾಡಿಸಿಬಿಟ್ಟರು. ಮಗಳೂ ನಕ್ಕಳು. ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಂತೆಯೇ ಮಗುವಿನ ಕಣ್ಣು ಎಳೆಯತೊಡಗಿತು.

ಬೀಗಿತ್ತಿ ಕೆಳಗೆ ಬಂದು ನನ್ನ ಪಕ್ಕದಲ್ಲಿ ಕೂತರು. ನನ್ನ ಬಲಗೈ ಹಿಡಿದು ಅಂಗೈ ಮೇಲೆ ಮಾಡಿ ನೋಡಿದರು. ಅವರ ಯಜಮಾನರೂ ಕಾವಲಿಯ ಮುಂದೆ ಸವೆದವರೇ. ಆ ಕೈ ಹೇಗಿರುತ್ತದೆ ಎಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. “ಇದು ಎಂತ ಮಾಡ್ಕೊಂಡ್ರಿ ಬೀಗರೇ?” ಎಂದು ಮೆಲ್ಲಗೆ ಕೇಳಿದರು. ಆಮೇಲೆ ನನ್ನ ಕೈ ಬಿಟ್ಟು, “ಮೂರು ತಿಂಗಳು ತುಂಬ್ಲಿ. ಆಗ ಬಂದು ಕರ್ಕೊಂಡು ಹೋಗ್ತೇನೆ,” ಎಂದರು.

ಹೇಳಿದ ಹಾಗೆಯೇ ಬಂದರು. ಅವತ್ತು ಬೆಳಿಗ್ಗೆ ಮಗುವಿಗೆ ಕೊನೆಯ ಎಣ್ಣೆ ಹಚ್ಚಿ, ಮೀಯಿಸಿ, ತೊಟ್ಟಿಲಿಗೆ ಹಾಕಿದ್ದೆ. ತವರಿನಿಂದ ಹೊರಡುವ ಹೆಣ್ಣಿಗೆ ಮಡಿಲು ತುಂಬಬೇಕು. ಅದನ್ನು ಮುತ್ತೈದೆಯರು ಮಾಡುವುದು, ವಿಧುರನಿಗೆ ಅಲ್ಲಿ ಏನೂ ಕೆಲಸವಿಲ್ಲ. ಹಾಗಾಗಿ ಮೇಲಿನ ಮನೆಯ ತಮಿಳು ಮಾಮಿಯನ್ನು ಕರೆದಿದ್ದೆ. ಮಾಮಿ ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ, ಬಳೆ, ರವಿಕೆ ಕಣ ಜೋಡಿಸಿಕೊಂಡು ದೇವರ ಮುಂದೆ ನಿಂತರು. ನಾನು ಅಡುಗೆಮನೆಯ ಬಾಗಿಲಿಗೆ ಸರಿದೆ.

ಮಗಳು ಮಾಮಿಯ ಮುಂದೆ ಬಂದು ನಿಂತಳು. ಸೆರಗನ್ನು ಕೈಗೆ ತೆಗೆದುಕೊಂಡಳು. ಆಮೇಲೆ ತಿರುಗಿ, ನಾಲ್ಕು ಹೆಜ್ಜೆ ನಡೆದು ಬಂದು, ಸೆರಗನ್ನು ನನ್ನ ಮುಂದೆ ಒಡ್ಡಿದಳು.

“ಅಪ್ಪಾ, ನೀವು ಹಾಕಿ.”

ಬೀಗಿತ್ತಿಯ ಮುಖ ನೋಡಿದೆ. ಶಾಸ್ತ್ರ ಸಂಪ್ರದಾಯದಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಒಪ್ಪದ ಹೆಂಗಸು. ಅವರು ಒಂದು ಕ್ಷಣ ಸೊಸೆಯನ್ನು ನೋಡಿದರು. ಎದ್ದು ಹೋಗಿ, ಮಾಮಿಯ ಕೈಯಿಂದ ತಟ್ಟೆ ತೆಗೆದುಕೊಂಡು, ತಂದು ನನ್ನ ಮುಂದೆ ಹಿಡಿದರು. “ಹಾಕಿ ಬೀಗರೇ, ಹೊತ್ತಾಗ್ತದೆ,” ಎಂದರು.

ಎರಡೂ ಕೈಯಲ್ಲಿ ಅಕ್ಕಿ ತುಂಬಿಕೊಂಡು ಮಗಳ ಮಡಿಲಿಗೆ ಸುರಿದೆ. ಬೆಳಗಿನ ಎಣ್ಣೆಯ ಜಿಡ್ಡು ಇನ್ನೂ ಹೋಗಿರಲಿಲ್ಲ. ಕೆಲವು ಕಾಳು ಅಂಗೈಗೆ ಅಂಟಿಕೊಂಡೇ ಉಳಿದವು. ಪಂಚೆಗೆ ಒರೆಸಿಕೊಳ್ಳಲು ಹೋದೆ. ಮಗಳು ನನ್ನ ಕೈ ಹಿಡಿದುಕೊಂಡಳು.

“ಒರೆಸ್ಬೇಡಿ ಅಪ್ಪಾ. ತವರಿನ ಅಕ್ಕಿ,” ಎಂದಳು. ಒಂದೊಂದೇ ಕಾಳು ಬಿಡಿಸಿ ಮಡಿಲಿಗೆ ಹಾಕಿಕೊಂಡಳು.